ಮ್ಯಾಚ್ ನೋಡಬಾರದವನು

12 ಮಾರ್ಚ್ 2011, ಶನಿವಾರ

ಎರಡನೇ ಶಿಫ್ಟ್. ಗೇರ್‌ಗಳ ಲೋಡ್ ಫರ್ನೇಸ್‌ಗೆ ಹಾಕಿ ಬಾಗಿಲು ಮುಚ್ಚಿದೆ. ಕೆಂಪಗೆ ಕಾಯಬೇಕು, ತೆಗೆದು ಎಣ್ಣೆಗೆ ಅದ್ದಬೇಕು. ಅಲ್ಲಿಯವರೆಗೆ ಕದಲುವಂತಿಲ್ಲ. ವರ್ಲ್ಡ್ ಕಪ್ ಅಂತ ಓನರ್ ಕ್ಯಾಂಟೀನ್‌ನಲ್ಲಿ ಟಿವಿ ಇಡಿಸಿದ್ದಾರೆ. ಪೀಣ್ಯದ ನಮ್ಮ ಬೀದಿಯಲ್ಲಿ ಬೇರೆ ಯಾವ ಶೆಡ್‌ಗೂ ಈ ಭಾಗ್ಯ ಇಲ್ಲ. ಕೂಗಾಟ ಇಲ್ಲಿಗೂ ಕೇಳುತ್ತೆ. ಹೊಟ್ಟೆ ಉರಿಯುತ್ತೆ.

ಸಂಜೆ ಲೋಡ್ ಮುಗಿಸಿ ಚಹಾಕ್ಕೆ ಓಡಿದೆ. ಇಂಡಿಯಾ ಒಂದು ವಿಕೆಟ್‌ಗೆ 267. ಸೌತ್ ಆಫ್ರಿಕಾದವರ ಮುಖ ಇಷ್ಟೇ ಇಷ್ಟಾಗಿತ್ತು. ಬಾಗಿಲಲ್ಲೇ ನಿಂತೆ. ಲೋಟ ಬಾಯಿಗಿಟ್ಟೆ — ವಿಕೆಟ್. ಇನ್ನೊಂದು. ಮತ್ತೊಂದು. ನೋಡುತ್ತಿದ್ದ ಹಾಗೇ ಎಲ್ಲರೂ ಗಂಟುಮೂಟೆ ಕಟ್ಟಿದರು. 296ಕ್ಕೆ ಆಲೌಟ್.

ಲೇತ್ ಮಶೀನ್ ಮೇಲೆ ಕೆಲಸ ಮಾಡುವ ಶಿವಶಂಕರ್ ತಿರುಗಿ ನೋಡಿದ. ನಮ್ಮ ವಠಾರದವನೇ. “ಗುರು, ನೀನ್ ಯಾವಾಗ್ ಬಂದೆ ಇಲ್ಲಿಗೆ?” ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

13 ಮಾರ್ಚ್, ಭಾನುವಾರ

ಕೊನೇ ಓವರ್‌ನಲ್ಲಿ ಸೋತರಂತೆ. ಶಿವಶಂಕರ್ ವಠಾರದ ನಲ್ಲಿ ಹತ್ತಿರ ಬಕೆಟ್ ಇಟ್ಟುಕೊಂಡೇ ನನ್ನ ಪಂಚಾಯ್ತಿ ಶುರು ಮಾಡಿದ. ಇಂಗ್ಲೆಂಡ್ ಮ್ಯಾಚ್ ಮಲಕಪ್ಪ ನೋಡಿದ, ಗೆಲ್ಲೋ ಮ್ಯಾಚ್ ಟೈ ಆಯ್ತು. ಐರ್ಲೆಂಡ್ ದಿನ ಮಲಕಪ್ಪ ಡ್ಯೂಟಿ, ಗೆದ್ವಿ. ನಿನ್ನೆ ಚಹಾ ಕುಡಿಯೋಕೆ ಬಂದ...

ತಮಾಷೆ ಅಂತ ಸುಮ್ಮನಾದೆ. ರೂಮಿಗೆ ಬಂದು ನಾನೇ ಒಂದು ಸಲ ಲೆಕ್ಕ ಹಾಕಿದೆ. ಹೌದಲ್ಲ! ಥೂ.

20 ಮಾರ್ಚ್, ಭಾನುವಾರ

ಓನರ್ ಮನೆ — ಅಂದರೆ ನಮ್ಮ ಬಾಡಿಗೆ ಮನೆ ಓನರ್ ನಂಜಪ್ಪನವರ ಮನೆ. ದಾಸರಹಳ್ಳಿಯಲ್ಲಿ ಅವರ ರಾಗಿ ಹೊಲ ಇದ್ದ ಜಾಗದಲ್ಲೇ ಈಗ ನಮ್ಮ ವಠಾರ. ಭಾನುವಾರ ಮ್ಯಾಚ್ ಇದ್ದರೆ ಅವರ ಹಾಲ್ ತುಂಬಾ ನಾವೇ. ಇವತ್ತು ಹೆಂಡತಿ ಮಹಾದೇವಿಯನ್ನು ಕರೆದುಕೊಂಡು ಹೋದೆ. ಅವಳಿಗೆ ಎಂಟು ತಿಂಗಳು, ಮೆಟ್ಟಿಲು ನಿಧಾನ. ನಂಜಪ್ಪನವರು ಬಾಗಿಲಿಗೇ ಬಂದರು. “ಬಾರಮ್ಮ, ಕುರ್ಚಿ ಮೇಲ್ ಕೂತ್ಕೋ.” ನನ್ನ ಹೆಗಲ ಮೇಲೆ ಕೈ ಹಾಕಿ, “ನೀನೊಸಿ ಒರಗೇ ಇರಪ್ಪ. ಬೇಜಾರ್ ಮಾಡ್ಕಾಬೇಡ. ದೇಸದ್ ಇಸ್ಯ” ಅಂದರು.

ಕೆಳಗೆ ಬಂದು ಬಟ್ಟೆ ಒಗೆದೆ. ಗೆದ್ದರು.

22 ಮಾರ್ಚ್, ಮಂಗಳವಾರ

ಸ್ಕ್ಯಾನಿಂಗ್. ಸಿಸ್ಟರ್ ಕರೆದರು, “ಹಸ್ಬೆಂಡ್ ಬನ್ನಿ, ಸ್ಕ್ರೀನ್‌ನಲ್ಲಿ ನೋಡಬಹುದು.” ಫೋನ್ ಬಂದಿದೆ ಅಂತ ಸುಳ್ಳು ಹೇಳಿ ರಸ್ತೆಗೆ ಇಳಿದೆ.

ಹೋದ ಸಲ ಅವಳು ಬಸುರಿಯಾಗಿದ್ದಾಗ ನೋಡಿದ್ದೆ. ಬೆರಳು ಕಾಣಿಸಿತ್ತು. ನೋಡು ನೋಡು ಅಂತ ಮಹಾದೇವಿಗೆ ತೋರಿಸಿ ನಕ್ಕಿದ್ದೆ. ಆಮೇಲೆ ವಾರ ಕಳೆಯುವುದರೊಳಗೆ ಹೊಟ್ಟೆಯಲ್ಲೇ ಹೋಯಿತು.

ಎಲ್ಲ ಸರಿ ಇದೆಯಂತೆ ಈ ಸಲ. ಅವಳು ರಿಪೋರ್ಟ್ ನನ್ನ ಕೈಗೆ ಕೊಡದೆ ತಾನೇ ಹಿಡಿದುಕೊಂಡು ಬಂದಳು.

24 ಮಾರ್ಚ್

ಆಸ್ಟ್ರೇಲಿಯಾ ಮನೆಗೆ. ನಾನು ಫರ್ನೇಸ್ ಹತ್ತಿರ. ಕೇಳಿ ಕೇಳಿ ಗೊತ್ತಾಗಿದೆ — ಫೋರ್ ಹೋದರೆ ಕೂಗು ಮೇಲೆದ್ದು ನಿಧಾನ ಇಳಿಯುತ್ತೆ. ನಮ್ಮ ವಿಕೆಟ್ ಬಿದ್ದರೆ ಕ್ಯಾಂಟೀನ್ ಫ್ಯಾನ್ ಶಬ್ದ ಕೇಳುತ್ತೆ.

30 ಮಾರ್ಚ್, ಬುಧವಾರ

ಪಾಕಿಸ್ತಾನ ಸೆಮಿಫೈನಲ್. ಬೀದಿಯೇ ಬಂದ್. ಆಟೋಗಳಿಗೆಲ್ಲ ಬಾವುಟ. ನಮ್ಮವರು ಟಿವಿಗೆ ಕುಂಕುಮ ಹಚ್ಚಿ ಊದುಬತ್ತಿ ಬೆಳಗಿದರು. ಶಿವಶಂಕರ್ ಕೆನ್ನೆ ಮೇಲೆ ಮೂರು ಬಣ್ಣ ಬಳಿದುಕೊಂಡು ಬಂದು ನನಗೂ ಬಳಿದ. “ನೀನೂ ಟೀಮಲ್ಲಿದೀಯ ಮಗಾ. ನಿನ್ ಪೊಸಿಷನ್ ಇದು. ಕದಲ್ಬೇಡ.”

ಯಾರೂ ಹೇಳುವ ಮೊದಲೇ ನಾನೇ ಒಳಗೆ ಫರ್ನೇಸ್ ಹತ್ತಿರ ಹೋಗಿದ್ದೆ. ಅದನ್ನು ಇಲ್ಲಿ ಬರೆದಿಡಬೇಕು. ನೂರಿಪ್ಪತ್ತು ಕೋಟಿ ಜನ ನೋಡುತ್ತಾರೆ, ಯಾರ ಕಣ್ಣೂ ತಾಗುವುದಿಲ್ಲ. ಪೀಣ್ಯದ ಒಂದು ಶೆಡ್‌ನಲ್ಲಿರುವ ವಿಜಾಪುರ ಕಡೆಯವನ ಕಣ್ಣು ಮಾತ್ರ ಮೊಹಾಲಿಯವರೆಗೆ ಹೋಗಿ ತಾಗುತ್ತೆ. ನಗು ಬರುತ್ತೆ. ಆದರೂ ಕದಲಲಿಲ್ಲ.

ಗೆದ್ದರು. ಬೆವರಿಗೆ ಬಣ್ಣ ಇಳಿದು ಅಂಗಿ ಹಾಳು.

3 ಏಪ್ರಿಲ್, ಭಾನುವಾರ

ವರ್ಲ್ಡ್ ಕಪ್ ನಮ್ಮದು. ನಾನು ಒಂದು ಬಾಲ್ ನೋಡಲಿಲ್ಲ.

ನಿನ್ನೆ ಮಧ್ಯಾಹ್ನ ಶೆಡ್ ಓನರ್ ಅವರೇ ಕರೆದರು. “ಮಲಕಪ್ಪ, ಇವತ್ತು ಲೋಡ್ ಏನೂ ಇಲ್ಲ. ಆದ್ರೂ ಫರ್ನೇಸ್ ಹತ್ರ ಇರ್ತೀಯಾ? ಹುಡುಗ್ರ ಸಮಾಧಾನಕ್ಕೆ.” ಹೂಂ ಸಾರ್ ಅಂದೆ. ತಣ್ಣಗಿನ ಫರ್ನೇಸ್ ಮುಂದೆ ಸ್ಟೂಲ್ ಹಾಕಿಕೊಂಡು ಕೂತೆ. ನಮ್ಮ ಬ್ಯಾಟಿಂಗ್ ಶುರುವಾದ ಕೂಡಲೇ ಫ್ಯಾನ್ ಶಬ್ದ. ಸ್ವಲ್ಪ ಹೊತ್ತಿಗೆ ಮತ್ತೆ ಫ್ಯಾನ್ ಶಬ್ದ. ಶಿವಶಂಕರ್ ಓಡಿ ಬಂದ. ಮುಖ ಬಿಳಿಚಿಕೊಂಡಿತ್ತು.

“ಫೋನಲ್ಲಿ ಸ್ಕೋರ್ ನೋಡ್ತಿದೀಯಾ?”

“ಇಲ್ಲೋ ಮಾರಾಯ.”

“ಕೊಡಿಲ್ಲಿ. ದೇಶಕ್ಕೋಸ್ಕರ ಕಣೋ.”

ಕೊಟ್ಟೆ. ಮಹಾದೇವಿಗೆ ದಿನ ತುಂಬುತ್ತಾ ಬಂದಿದೆ ಅನ್ನುವುದು ಗೊತ್ತಿದ್ದೂ ಕೊಟ್ಟೆ.

ಗೆದ್ದ ಮೇಲೆ ಬಂದು ಹೆಗಲ ಮೇಲೆ ಹೊತ್ತರು. ದಾಸರಹಳ್ಳಿಯವರೆಗೂ ತಮಟೆ. “ಇವ್ನು ನೋಡ್ದೇ ಇದ್ದಿದ್ದಕ್ಕೇ ಕಪ್ ಬಂತು!” — ಗೊತ್ತಿಲ್ಲದವರೂ ಕೈ ಕುಲುಕಿದರು, ಬಾಯಿಗೆ ಲಡ್ಡು ತುರುಕಿದರು. ಸುಳ್ಳು ಯಾಕೆ, ಖುಷಿ ಆಗಿತ್ತು. ಬೆಂಗಳೂರಿಗೆ ಬಂದು ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು ಹೀಗೆ ನಮ್ಮವನು ಅಂದಿರಲಿಲ್ಲ.

ವಠಾರದ ಗೇಟಿನಲ್ಲಿ ಅತ್ತೆ ಶೇಖವ್ವ ನಿಂತಿದ್ದರು. ರಾತ್ರಿ ಎಂಟರ ಹೊತ್ತಿಗೇ ಮಹಾದೇವಿಗೆ ನೋವು ಬಂದಿತ್ತಂತೆ. ಫೋನ್ ಮೇಲೆ ಫೋನ್ ಮಾಡಿದ್ದಾಳೆ. ಶಿವಶಂಕರ್ ಜೇಬಿನಲ್ಲಿ ಅದು ಹೊಡೆದುಕೊಳ್ಳುತ್ತಲೇ ಇತ್ತು, ಆ ಗಲಾಟೆಯಲ್ಲಿ ಯಾರಿಗೆ ಕೇಳಬೇಕು. ನಂಜಪ್ಪನವರ ಹೆಂಡತಿ ಆಟೋದಲ್ಲಿ ಕರೆದುಕೊಂಡು ಹೋಗಿ ತೋರಿಸಿಕೊಂಡು ಬಂದರಂತೆ. ಸುಳ್ಳು ನೋವು ಅಂದರಂತೆ ಡಾಕ್ಟರ್.

ಹೆಗಲ ಮೇಲಿಂದ ಇಳಿಯುವಾಗ ಅವಳು ಕಿಟಕಿಯಲ್ಲಿ ಕಂಡಳು. ಕಿಟಕಿ ಹಾಕಿಕೊಂಡಳು.

4 ಏಪ್ರಿಲ್, ಯುಗಾದಿ

ಬೇವು-ಬೆಲ್ಲ ಕೊಡುವಾಗ ಕೇಳಿದಳು, ಸ್ಕ್ಯಾನಿಂಗ್ ದಿನ ಯಾಕೆ ಒಳಗೆ ಬರಲಿಲ್ಲ ಅಂತ. ಎಲ್ಲ ಹೇಳಿಬಿಟ್ಟೆ. ಹೋದ ಸಲದ್ದೂ ಹೇಳಿದೆ. ಅಳುತ್ತಾಳೆ ಅಂದುಕೊಂಡಿದ್ದೆ. ಸಿಟ್ಟಿಗೆದ್ದಳು.

“ಹನ್ನೊಂದ್ ಮಂದಿ ಬೆವರ್ ಸುರ್ಸಿ ಗೆದ್ದಾರ. ನೀವ್ ಕಣ್ ಮುಚ್ಚಿದ್ದಕ್ಕ ಗೆದ್ದಾರೇನ್ರಿ? ಹೋದ ಕೂಸು ನನ್ನ ಹೊಟ್ಯಾಗಿಂದ ಹೋತು. ಅದನ್ನೂ ನಿಮ್ಮ ಕಣ್ಣಿನ ಲೆಕ್ಕಕ್ಕ ಹಚ್ಚಾಕತ್ತೀರಿ. ಇಷ್ಟ್ ಸೊಕ್ಕ ಬ್ಯಾಡ್ರಿ ಮನಷ್ಯಾಗ.”

ಸೊಕ್ಕು! ಹೆದರಿ ಸಾಯುತ್ತಿರುವವನಿಗೆ ಸೊಕ್ಕು ಅಂತೆ. ಹೋಳಿಗೆ ತಿನ್ನದೆ ಎದ್ದೆ. ಬಸ್‌ಸ್ಟಾಪ್‌ವರೆಗೂ ಹೋಗಿ ವಾಪಸ್ ಬಂದೆ. ಅವಳು ಹೇಳಿದ್ದು ತಲೆಯಿಂದ ಹೋಗುತ್ತಿಲ್ಲ.

8 ಏಪ್ರಿಲ್

ಐಪಿಎಲ್ ಶುರು. “ನಮ್ ಬೆಂಗ್ಳೂರ್ ಮ್ಯಾಚ್‌ಗಳಿಗೂ ಒಳಗೇ ಇರ್ತೀಯಲ್ಲಾ ಗುರು?” ಶಿವಶಂಕರ್. ದೇಶದ್ದು ಮುಗಿಯಿತು, ಇನ್ನು ಊರಿನದ್ದು.

ಇರಲ್ಲ ಹೋಗೋ ಅನ್ನಬೇಕಿತ್ತು. ನೋಡೋಣ ಅಂದೆ.

21 ಏಪ್ರಿಲ್, ಗುರುವಾರ, ಬೆಳಿಗ್ಗೆ 6

ಆಸ್ಪತ್ರೆ. ನಸುಕಿಗೆ ಕರೆತಂದೆವು. ಫೋನ್ ಕೈಯಲ್ಲೇ ಇದೆ. ಬಟ್ಟೆ ಚೀಲದೊಳಗೆ ಈ ಡೈರಿ ಹೇಗೆ ಬಂತೋ.

8 ಗಂಟೆ

ಹೆಣ್ಣು. ತಾಯಿ ಆರಾಮ. ಕೂಸು ಸಣ್ಣದು, ಉಸಿರು ಸ್ವಲ್ಪ ಕಷ್ಟ, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ನಾಳೆವರೆಗೆ ಏನೂ ಹೇಳೋಕಾಗಲ್ಲ ಅಂದರು ಡಾಕ್ಟರ್. ತಂದೆ ಬಂದು ನೋಡಬಹುದು ಅಂದರು.

ಬೆಂಚಿನಿಂದ ಏಳಲು ಆಗುತ್ತಿಲ್ಲ. ಅತ್ತೆಗೆ ಮೊದಲು ನೀವು ನೋಡಿ ಬನ್ನಿ ಅಂದೆ.

8.30

ಅತ್ತೆ ನೋಡಿ ಬಂದರು. ಮತ್ತೆ ಕರೆದರು. ಚಹಾ ಕುಡಿದು ಬರ್ತೀನಿ ಅಂದೆ. ಕುಡಿಯಲಿಲ್ಲ. ಕೂಸಿರುವ ಕೋಣೆಯ ಗಾಜಿಗೆ ಬೆನ್ನು ಹಾಕಿ ಕೂತಿದ್ದೇನೆ. ನಾನು ನೋಡದೆ ಇದ್ದರೆ ಉಳಿಯುತ್ತೆ ಅನ್ನುವುದಾದರೆ ಜನ್ಮಪೂರ್ತಿ ನೋಡದೆ ಇರುತ್ತೇನೆ. ಸಿದ್ಧ ಇದ್ದೇನೆ.

9 ಗಂಟೆ

ಮಹಾದೇವಿ ಅತ್ತೆ ಕೈಲಿ ಹೇಳಿ ಕಳಿಸಿದ್ದಾಳೆ. ಅತ್ತೆ ಎದುರಿಗೆ ನಿಂತು, ಅವಳು ಹೇಳಿದ ಹಾಗೇ ಹೇಳಿದರು — “ಕೂಸು ಒಬ್ಬಾಕಿನ ಪೆಟಗ್ಯಾಗ ಮಲಗೇತಿ. ನಂಗ ಏಳಾಕ ಬರಂಗಿಲ್ಲ. ನಮ್ಮಿಬ್ಬರ ಪೈಕಿ ಒಬ್ಬರರ ಅದರ ಮುಂದ ಇರಬೇಕೋ ಬ್ಯಾಡೋ, ಕೇಳ ಅವ್ರನ್ನ.”

ಅತ್ತೆ ಕಾಯುತ್ತಿದ್ದಾರೆ.

ಕೂಸು ಕಣ್ಣು ಬಿಟ್ಟಿದೆಯಂತೆ. ಆ ಕಡೆ ಈ ಕಡೆ ನೋಡುತ್ತಿದೆಯಂತೆ, ಯಾರೂ ಇಲ್ಲವಂತೆ ಅದರ ಎದುರಿಗೆ. ಚಪ್ಪಲಿ ಬಿಟ್ಟೆ. ಹೋಗಿ ಅದರ ಎದುರಿಗೆ ನಿಲ್ಲುತ್ತೇನೆ.