ಹದಿನಾಲ್ಕು ಎಕರೆ ಹುಲ್ಲು

ಗೂಗಲ್, ತಾ. ದೇವದುರ್ಗ
೧೨-೧೨-೨೦೨೪, ಗುರುವಾರ

ನಮ್ಮ ಅಂಬಿಕಾಳ ಅಪ್ಪನಿಗೆ, ಮನೆಯಾಕೆಯ ನಮಸ್ಕಾರ.

ಮಾನ್ವಿ ಕಡೆ ಚಳಿ ಹೇಗಿದೆ? ಮೊಣಕಾಲು ನೋವು ಕಡಿಮೆಯಾಯಿತೇ? ಎಣ್ಣೆ ಕಟ್ಟಿಕೊಟ್ಟಿದ್ದೆ, ನೀವು ಹಚ್ಚಿಕೊಳ್ಳುತ್ತೀರೋ, ನಾಯಿಗೆ ಹಚ್ಚುತ್ತೀರೋ ದೇವರಿಗೇ ಗೊತ್ತು. ನಾವೆಲ್ಲ ಆರಾಮ. ನಿಮ್ಮ ಫೋನು ಮೂರು ದಿನದಿಂದ ಬಂದ್. ಪಕ್ಕದ ಮನೆಯ ಬಸ್ಸಮ್ಮನ ಗಂಡ ಬೆಳಗಿನ ಬಸ್ಸಿಗೆ ನಿಮ್ಮ ಕಡೆಗೇ ಹೊರಟಿದ್ದಾನೆ, ಅವನ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ.

ನಮ್ಮ ಕುರಿ ಮೇಯುವ ಹದಿನಾಲ್ಕು ಎಕರೆ ಉಳಿಯಿತು ರೀ! ನಿಮ್ಮ ತಮ್ಮ ಬೀರೇಶ ರಾಯಚೂರಿನಿಂದ ಪ್ಲಾಟಿನವರನ್ನು ಕರೆತಂದ ದಿನ, 'ಹುಲ್ಲು ಹೋದಮ್ಯಾಲೆ ಕುರಿ ಯಾಕ?' ಎಂದು ಮುಖ ತಿರುಗಿಸಿ ಹಿಂಡು ಹೊಡೆದುಕೊಂಡು ಹೋದಿರಲ್ಲ, ಅಂದಿನಿಂದ ನನಗೆ ಅನ್ನ ಸೇರಿರಲಿಲ್ಲ. ನಿನ್ನೆ ಮಾವನವರು ದೇವದುರ್ಗದ ನೋಂದಣಿ ಕಚೇರಿಯಲ್ಲಿ ಪತ್ರ ಮಾಡಿಸಿದರು. ಹೊಲ ನಮ್ಮದೇ, ಮೇಯಿಸುವವರೂ ನಾವೇ. ಅಲ್ಲಿ ಮನೆ ಕಟ್ಟುವ, ಪ್ಲಾಟು ಮಾಡುವ ಹಕ್ಕನ್ನು ಮಾತ್ರ ಕುರಿಗಾರರ ಸಂಘಕ್ಕೆ ಬರೆದುಕೊಟ್ಟಾಯಿತು. ಸಂಘವೂ ಅದನ್ನು ಎಂದೂ ಬಳಸುವಂತಿಲ್ಲ. ಮುಂದೆ ಯಾರ ಹೆಸರಿಗೆ ಹೋದರೂ ಹುಲ್ಲು ಹುಲ್ಲಾಗಿಯೇ ಇರಬೇಕು. ಬೀರೇಶನೂ ಸಹಿ ಹಾಕಿದ, ಮುಖ ಊದಿಸಿಕೊಂಡೇ.

ಸುಲಭಕ್ಕೇನೂ ಆಗಲಿಲ್ಲ. ಬಾಂಡ್ ಬರೆಯುವ ಬಂದೇನವಾಜ್ ಸಾಹೇಬರು 'ಹಕ್ಕು ಬಿಟ್ಟುಕೊಡುವುದು' ಎಂದು ಓದಿದ್ದೇ ತಡ, ಮಾವ ಹೆಬ್ಬೆಟ್ಟಿನ ಶಾಯಿಯನ್ನು ಧೋತರಕ್ಕೆ ಒರೆಸಿಕೊಂಡು ಎದ್ದೇಬಿಟ್ಟರು. 'ನಮ್ಮಪ್ಪನ ಭೂಮಿ ಬಿಡೂದಿಲ್ಲ, ನಡೀರಿ ಮನಿಗಿ!' ಸಾಹೇಬರು, 'ಯಜ್ಜಾ, ಭೂಮಿ ನಿಂದ ಅದ. ಅದು ಪ್ಲಾಟು ಹಡೀಬಾರದು, ಅಷ್ಟ' ಎಂದರು. ಮಾವ ನಿಂತಲ್ಲೇ ಯೋಚಿಸಿದರು. 'ಹಂಗಂದ್ರ ಟಗರಿನ ಬೀಜ ಒಡದಂಗ! ಟಗರು ನಂದ, ಮರಿ ಅಷ್ಟ ಇಲ್ಲ. ಮೊದಲ ಹೇಳಬಾರದೇನು?' ಎಂದು ಹೆಬ್ಬೆಟ್ಟು ಒತ್ತಿದರು. ಕಚೇರಿಗೆ ಕಚೇರಿಯೇ ನಕ್ಕಿತು. ನಾನು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತ ನಗುತ್ತ ಅತ್ತೇಬಿಟ್ಟೆ. ರಾತ್ರಿ ಎರಡು ರೊಟ್ಟಿ ಹೆಚ್ಚಿಗೆ ಉಂಡೆ.

'ನಮ್ಮ ಸಿದ್ರಾಮಗ ಒಳ್ಳೇದಾಗ್ಲಿ ಅಂತ ಬರಿ' ಎಂದು ಮಾವ ನಿಮ್ಮನ್ನು ಹರಸುತ್ತ ಪಕ್ಕದಲ್ಲೇ ಕೂತು ಹೇಳುತ್ತಿದ್ದಾರೆ. ಅಂಬಿಕಾ ದಿನಾ ನಿಮ್ಮನ್ನು ಕೇಳುತ್ತಾಳೆ. ಹೊತ್ತಿಗೆ ಸರಿಯಾಗಿ ಉಣ್ಣಿ.

ನಿಮ್ಮ
ಭಾಗ್ಯಜ್ಯೋತಿ

ತಾ.ಕ.: ಬಸ್ಸು ಬಂತು. ಬಸ್ಸಮ್ಮ ಈಗ ಹೇಳಿದಳು, ನಾಳಿನ ಸಂತೆಗೆ ಇಡೀ ಹಿಂಡನ್ನು ಮಾರಲು ಹೊಡೆಯುತ್ತೀರಂತೆ. ಬೇಡ ರೀ. ಕೊಳ್ಳುವವರಿಗೆ ಮಾತು ಕೊಟ್ಟಿದ್ದರೆ 'ಮನ್ಯಾಕಿ ಒಪ್ಪವಲ್ಲಳು' ಎಂದು ನನ್ನ ಮೇಲೆ ಹಾಕಿ. ಹೆಂಡತಿ ಮಾತು ಕೇಳುವ ಗಂಡ ಎಂದು ಸಂತೆಯೆಲ್ಲ ನಗಲಿ, ಕುರಿ ಮನೆಗೆ ಬರಲಿ.