ಹಸಿರು ಬಣ್ಣದ ಕೆಳಗೆ ನೀರಿದೆ

ಭೂಬಳಕೆ ನಕ್ಷೆ ಕಚೇರಿಯ ನಿರ್ದೇಶಕರಿಗೆ,

ಮಾನ್ಯರೇ, ನಮ್ಮ ಮನೆಯ ಹಿಂದಿನ ಕೆರೆ ಇನ್ನೂ ಇದೆ. ನಿಮ್ಮ ನಕ್ಷೆಯಲ್ಲಿ ಇಲ್ಲದಿರಬಹುದು. ನೀರಿಗೆ ಆ ವಿಷಯ ಯಾರೂ ತಿಳಿಸಿಲ್ಲ. ಇಲ್ಲದ ಕೆರೆಗೆ ತೂಬು ಯಾಕೆಂದು ಹೋದ ತಿಂಗಳು ನಿಮ್ಮವರು ಅದರ ಬಾಯಿಗೆ ಕಾಂಕ್ರೀಟು ತುಂಬಿ ಹೋದರು. ಕೋಡಿಯ ಜಾಗದಲ್ಲಿ ರಸ್ತೆ ಎದ್ದಮೇಲೆ ನೀರು ಹೊರಹೋಗಲು ಉಳಿದಿದ್ದ ದಾರಿ ಅದೊಂದೇ. ಮಳೆ ಶುರುವಾಗಿದೆ. ಕೆರೆ ಏರಿಯ ಕೆಳಗೆ ನಾವು ಮೂವತ್ತು ಮನೆಯವರಿದ್ದೇವೆ. ನನಗೆ ಭಯವಾಗಿದೆ ಸ್ವಾಮಿ, ಸುತ್ತಿ ಬಳಸಿ ಹೇಳುವಷ್ಟು ಧೈರ್ಯವೂ ಉಳಿದಿಲ್ಲ.

ಕೆರೆ ಹೇಗೆ ಮಾಯವಾಯಿತೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ; ಮಾಯ ಮಾಡಿದವನು ನಾನೇ. ಎರಡು ವರ್ಷ ನಿಮ್ಮ ಕಚೇರಿಯಲ್ಲಿ ಗುತ್ತಿಗೆ ನೌಕರನಾಗಿದ್ದೆ. ಉಪಗ್ರಹದ ಚಿತ್ರದ ಮೇಲೆ ಚೌಕ ಎಳೆದು ‘ಇದು ನೀರು, ಇದು ಮನೆ, ಇದು ಹುಲ್ಲು’ ಎಂದು ಕಂಪ್ಯೂಟರಿಗೆ ತೋರಿಸುವುದು ನನ್ನ ಕೆಲಸ; ಅದನ್ನು ನೋಡಿಕೊಂಡು ಉಳಿದ ಊರಿಗೆಲ್ಲ ಬಣ್ಣ ಹಚ್ಚುವುದು ಅದರ ಕೆಲಸ. ಹತ್ತು ವರ್ಷದ ಹಿಂದಿನ ಚಿತ್ರದಲ್ಲಿ ಕೆರೆ ಕಪ್ಪಗೆ ಕಾಣುತ್ತಿತ್ತು. ಹೊಸ ಚಿತ್ರದಲ್ಲಿ ಅಂತರಗಂಗೆ ಕಳೆ ಹಬ್ಬಿ, ದಡದಿಂದ ದಡಕ್ಕೆ ಹಸಿರು. ದಿನಾ ಏರಿಯ ಮೇಲೇ ಓಡಾಡುವವನು ನಾನು, ಕೆಳಗೆ ನೀರಿದೆ ಎಂದು ಗೊತ್ತಿತ್ತು. ಮೇಲ್ವಿಚಾರಕರನ್ನು ಕೇಳಿದೆ.

“ಪಟ್ಟೀಲಿರೋದು ಆರೇ ಬಣ್ಣ ಕಣಯ್ಯ. ಕಳೆ ಮುಚ್ಚಿದ ನೀರಿಗೆ ಏಳನೇದು ಎಲ್ಲಿಂದ ತರಲಿ? ಕಂಡಿದ್ದನ್ನ ಹಚ್ಚು,” ಅಂದರು.

‘ಹುಲ್ಲುಗಾವಲು’ ಎಂದು ಹಚ್ಚಿದೆ. ಆಮೇಲೆ ತಪಾಸಣೆಯೂ ನಡೆಯಿತು, ಎಂಥ ತಪಾಸಣೆ! ಜಾಗಕ್ಕೆ ಹೋಗಿ ನೋಡಲು ಜೀಪಿರಲಿಲ್ಲವಾದ್ದರಿಂದ ನಕ್ಷೆಯನ್ನು ಅದೇ ಚಿತ್ರದ ಪಕ್ಕ ಇಟ್ಟು ಹೋಲಿಸಿದೆವು. ನೂರಕ್ಕೆ ತೊಂಬತ್ತನಾಲ್ಕು ಸರಿ ಬಂತು. ತನ್ನ ಉತ್ತರಪತ್ರಿಕೆಯನ್ನು ತಾನೇ ತಿದ್ದಿಕೊಂಡ ಹುಡುಗನಿಗೂ ಅಷ್ಟು ಅಂಕ ಬರಲಿಕ್ಕಿಲ್ಲ. ಅವತ್ತು ನೀವು ನಮಗೆಲ್ಲ ಚಹಾ ಕೊಡಿಸಿದಿರಿ. ನಾನೂ ಕುಡಿದೆ.

ಮೂವತ್ತು ವರ್ಷ ಆ ತೂಬು ನೋಡಿಕೊಂಡ ನಮ್ಮ ನೀರಗಂಟಿ, ತೂಬು ಮುಚ್ಚಿದರೆ ಕೆರೆ ತುಂಬಿ ಏರಿ ಒಡೆಯುತ್ತದೆ ಎಂದು ಹೇಳಲು ನಿಮ್ಮ ಕಚೇರಿಗೆ ಉದ್ದನೆಯ ಗಳ ಹೊತ್ತುಕೊಂಡೇ ಬಂದಿದ್ದರು. “ಬನ್ನಿ ಸ್ವಾಮಿ, ಒಂದ್ಸಲ ಈ ಗಳ ಇಳಿಸಿ ನೋಡಿ. ತಳ ಸಿಕ್ಕಿದ್ರೆ ಈ ಕೆಲಸಾನೇ ಬಿಡ್ತೀನಿ,” ಅಂದರು. ನಿಮ್ಮ ಗುಮಾಸ್ತರು ಕಂಪ್ಯೂಟರಿನಿಂದ ಕಣ್ಣೆತ್ತದೆ, “ಕೆರೇನೇ ಇಲ್ಲ ಅಂದ್ಮೇಲೆ ತುಂಬೋದೇನು, ಒಡೆಯೋದೇನು?” ಎಂದರು. ನಾನು ತಿದ್ದುಪಡಿಗೆ ಅರ್ಜಿ ಕೊಟ್ಟೆ. ಮುಂದಿನ ನಕ್ಷೆಯಲ್ಲಿ, ಅಂದರೆ ಐದು ವರ್ಷದ ಮೇಲೆ, ಪರಿಶೀಲಿಸುತ್ತಾರಂತೆ. ಅಲ್ಲಿಯವರೆಗೆ ನೀರು ಸರತಿ ಸಾಲಿನಲ್ಲಿ ನಿಂತಿರಬೇಕೇನು?

ನೀರು ನಿಲ್ಲುತ್ತಿಲ್ಲ. ನಮ್ಮ ಅಡುಗೆಮನೆಯ ಹಿಂದಿನ ಗೋಡೆ ಏರಿಗೆ ಅಂಟಿಕೊಂಡಿದೆ. ಪ್ರತಿ ವರ್ಷ ಮಗಳನ್ನು ಅಲ್ಲಿ ನಿಲ್ಲಿಸಿ, ಅವಳ ಎತ್ತರಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತೇವೆ. ಈಗ ಅದೇ ಪೆನ್ಸಿಲಿನಿಂದ ತೇವ ಏರುವುದನ್ನೂ ಗುರುತು ಹಾಕುತ್ತಿದ್ದೇನೆ. ಹಳೆಯ ಚಾಳಿ ಬಿಟ್ಟಿಲ್ಲ ನೋಡಿ. ಕಳೆದ ವಾರ ಗೋಡೆಯ ಬುಡದಲ್ಲಿ ನೀರು ಒಸರತೊಡಗಿತು. ತಿಳಿಯಾಗಿ ಬಂದರೆ ಹೆದರಬೇಡಿ, ಕೆಂಪಾದರೆ ಏರಿಯ ಮಣ್ಣೇ ಕರಗುತ್ತಿದೆ ಎಂದರ್ಥ ಎಂದಿದ್ದರು ನೀರಗಂಟಿ. ಮೊನ್ನೆಯಿಂದ ಕೆಂಪಾಗಿದೆ. ನೆಲ ಒರೆಸಿ ಒರೆಸಿ ಸಾಕಾದ ನನ್ನ ಹೆಂಡತಿ, “ಆ ಹಸಿರು ನೀವೇ ತಾನೆ ಹಚ್ಚಿದ್ದು? ಹೋಗಿ ಅಳಿಸಿ ಬನ್ನಿ,” ಅಂದಳು. ಅಳಿಸುವ ಅಧಿಕಾರ ನನಗಿಲ್ಲ ಎಂದರೆ ಅವಳು ನಂಬಲಿಲ್ಲ.

ಈ ವಾರದೊಳಗೆ ತೂಬಿನ ಕಾಂಕ್ರೀಟು ಒಡೆಸಿ. ನಕ್ಷೆಯನ್ನು ನಿಧಾನವಾಗಿ ತಿದ್ದಿಕೊಳ್ಳಿ; ತಪ್ಪೆಲ್ಲ ನನ್ನದೆಂದು ಬರೆದುಕೊಡಲು ಸಿದ್ಧನಿದ್ದೇನೆ. ಮಗಳು ಈಗ ಆ ಗೋಡೆಯ ಹತ್ತಿರ ಸುಳಿಯುವುದಿಲ್ಲ. ಅವಳ ಮೂರನೇ ವರ್ಷದ ಗೆರೆ ಹೋದ ಸೋಮವಾರ ಒದ್ದೆಯಾಯಿತು. ನಾಲ್ಕನೆಯದು ಇವತ್ತು ಬೆಳಿಗ್ಗೆ. ಅವಳಿಗೀಗ ಆರು.

ಇಂತಿ,
ನಿಮ್ಮ ನಕ್ಷೆಯ ಪ್ರಕಾರ ಹುಲ್ಲುಗಾವಲಿನ ಪಕ್ಕದಲ್ಲಿ ಸುಖವಾಗಿರುವ,
ಹಸಿರು ಹಚ್ಚಿದವನು