ಹಾರ್ನ್ ಮಾತ್ರ ಬದಲಿಸಿಲ್ಲ

ನೆಗಮಂನ ಅಯ್ಯಾಸಾಮಿ ಅಯ್ಯನವರಿಗೆ, ಕೊಯಮತ್ತೂರಿನಿಂದ ಧನಶ್ರೀಯ ನಮಸ್ಕಾರಗಳು.

ನಿಮ್ಮ ಮನೆಯಲ್ಲಿ ನಾಲ್ಕು ತಲೆಮಾರಿನಿಂದ ಕನ್ನಡ ಮಾತಾಡುತ್ತಿದ್ದರೂ ನಿಮಗೆ ಕನ್ನಡ ಅಕ್ಷರ ಬಾರದು ಎಂಬುದು ನನಗೆ ಗೊತ್ತು. ನನಗೆ ತಮಿಳು ಬರೆಯಲು ಬಾರದು. ಬಂದಿದ್ದರೂ ಒಬ್ಬರನ್ನು ಮನಸಾರೆ ಬೈಯಬೇಕೆಂದರೆ ಅದು ನನ್ನ ಭಾಷೆಯಲ್ಲೇ ಆಗಬೇಕು. ಹಾಗಾಗಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಇದು ನಿಮಗೆ ಮುಟ್ಟುವುದು ಹೇಗೆ ಎಂಬ ಚಿಂತೆ ನನಗಿರಲಿ.

ನಿಮ್ಮ ಜೀಪು ನನ್ನ ಕೈಗೆ ಬಂದು ಹನ್ನೊಂದು ತಿಂಗಳಾಯಿತು. ಈ ಹನ್ನೊಂದು ತಿಂಗಳಲ್ಲಿ ಅದು ಒಂದು ಗುಡ್ಡ ಹತ್ತಿಲ್ಲ, ಒಂದು ಹಳ್ಳ ದಾಟಿಲ್ಲ. ದಿನಾ ಗಣಪತಿ ಬಡಾವಣೆಯಲ್ಲಿರುವ ನನ್ನ ಅಪಾರ್ಟ್‌ಮೆಂಟಿನಿಂದ ಅವಿನಾಶಿ ರಸ್ತೆಯ ಪಂಪ್ ಕಾರ್ಖಾನೆಗೆ, ಅಲ್ಲಿಂದ ತರಕಾರಿ ಅಂಗಡಿಗೆ, ಮತ್ತೆ ಮನೆಗೆ. ಇಷ್ಟಕ್ಕೆ ನಾಲ್ಕು ಚಕ್ರಕ್ಕೂ ಬಲ ಹೋಗುವ ಗಾಡಿ ಯಾಕೆ ಬೇಕಿತ್ತು ಎಂದು ದಾವಣಗೆರೆಯಿಂದ ಅಮ್ಮ ವಾರಕ್ಕೊಮ್ಮೆ ಕೇಳುತ್ತಾಳೆ. ಕ್ಲಚ್ ಒತ್ತಿ ಒತ್ತಿ ನನ್ನ ಎಡಗಾಲು ಬಲಗಾಲಿಗಿಂತ ದಪ್ಪವಾಗಿದೆ. ಯು-ಟರ್ನ್ ಎಂಬುದು ಒಂದೇ ಸಲಕ್ಕೆ ಆದದ್ದೇ ಇಲ್ಲ. ಹಿಂದೆ ಮುಂದೆ ಮೂರು ಸಲ ಎಳೆದಾಡುವಷ್ಟರಲ್ಲಿ ಬಸ್ಸಿನವರು, ಆಟೊದವರು ಎಲ್ಲರೂ ನನ್ನ ವಂಶದ ಬಗ್ಗೆ ಏನಾದರೊಂದು ಹೇಳಿ ಮುಗಿಸಿರುತ್ತಾರೆ. ಏಪ್ರಿಲ್-ಮೇ ಬಿಸಿಲಿನಲ್ಲಿ ಇಂಜಿನ್ನಿನ ಕಾವು ನೆಲದಿಂದ ಮೇಲೆ ಬಂದು ಪಾದ ಬೇಯುತ್ತದೆ. ಮಳೆಗಾಲದಲ್ಲಿ ಹುಡ್ಡಿನ ಹೊಲಿಗೆಯಿಂದ ನೀರು ನೇರವಾಗಿ ಎಡ ಭುಜದ ಮೇಲೆ ಇಳಿಯುತ್ತದೆ, ಬಲ ಭುಜಕ್ಕೆ ಒಂದು ಹನಿಯೂ ಇಲ್ಲ. ಸೀರೆ ಉಟ್ಟು ಅದನ್ನು ಹತ್ತುವುದು ಹೇಗೆಂದು ಸೀರೆ ನೇಯುವವರೇ ಆದ ನೀವಾದರೂ ಹೇಳಬಹುದಿತ್ತು.

ನಮ್ಮ ಅಪಾರ್ಟ್‌ಮೆಂಟಿನ ಕಾರ್ಯದರ್ಶಿ ಮೋಹನ್ ರಾಜ್ ಪಾರ್ಕಿಂಗಿನಲ್ಲಿ ಬಿದ್ದ ಕಪ್ಪು ಕಲೆಗಳನ್ನು ಬೆರಳಿನಿಂದ ತೋರಿಸಿ, "ಇದು ವಂಡಿಯಾ ಮೇಡಂ, ಎಣ್ಣೆ ಸೆಕ್ಕಾ?" ಎಂದು ಕೇಳಿದರು. ಗಾಡಿಯೋ, ಎಣ್ಣೆ ಗಾಣವೋ ಎಂದು. ಅಂದಿನಿಂದ ನಾನು ದಿನಾ ಸಂಜೆ ಜೀಪಿನ ಕೆಳಗೆ ರಟ್ಟು ಹಾಸುತ್ತೇನೆ, ಬೆಳಿಗ್ಗೆ ತೆಗೆಯುತ್ತೇನೆ. ಮೂವತ್ತೆರಡು ವರ್ಷದ ಇಂಜಿನಿಯರ್ ನಾನು, ಪಂಪಿನಿಂದ ಒಂದು ಹನಿ ಸೋರಿದರೂ ವಾಪಸು ಕಳಿಸುವ ಪರೀಕ್ಷಾ ವಿಭಾಗದವಳು.

ತಪ್ಪು ನನ್ನದೂ ಇದೆ. ಅವತ್ತು ಆಫೀಸಿನ ಮೆಲ್ವಿನ್ ಜೊತೆ ನೆಗಮಂಗೆ ಬಂದದ್ದು ಅಮ್ಮನಿಗೆ ಒಂದು ಕಾಟನ್ ಸೀರೆ ಕೊಳ್ಳಲು. ನಿಮ್ಮ ಮನೆಯ ಮುಂದೆ ಬೇವಿನ ಮರದಡಿ ಆ ಹಸಿರು ಜೀಪು ನಿಂತಿತ್ತು. ಆಯುಧಪೂಜೆ ಮುಗಿದು ಮೂರು ವಾರವಾಗಿತ್ತು, ಸ್ಟೇರಿಂಗಿನ ಮೇಲೆ ಗಂಧ ಕುಂಕುಮದ ಬೊಟ್ಟು ಒಣಗಿ ಹಾಗೇ ಇತ್ತು. ನಾನು ಸೀರೆಯ ಬಣ್ಣದ ಬಗ್ಗೆ ಅಮ್ಮನ ಜೊತೆ ಫೋನಿನಲ್ಲಿ ಕನ್ನಡದಲ್ಲಿ ಮಾತಾಡುತ್ತಿದ್ದೆ. ನೀವು ಮಗ್ಗದ ಗುಂಡಿಯಿಂದ ಎದ್ದು ಬಂದು, "ನಮ್ ಮಾತಾಡೋ ಹುಡುಗಿ. ಈ ವಂಡಿ ಯಾರ್ಯಾರೋ ಕೇಳ್ತಾವ್ರೆ, ಕೊಡೋಕೆ ಮನಸಿಲ್ಲ. ನೀ ತಕೊ ಕಣ್ಣು" ಎಂದಿರಿ. ಕಣ್ಣು ಎಂದು ನನ್ನನ್ನು ಯಾರೂ ಕರೆದಿರಲಿಲ್ಲ. ಸೀರೆ ಕೊಳ್ಳಲು ಹೋದವಳು ಜೀಪು ಕೊಂಡು ಬಂದೆ. ಸೀರೆ ಮರೆತೇ ಹೋಯಿತು. ನೀವು ಹಾಕಿದ್ದು ಒಂದೇ ಷರತ್ತು, ಹಾರ್ನ್ ಬದಲಿಸಬಾರದು ಎಂದು. ಮುದಿ ಹೋರಿ ಗಂಟಲು ಸರಿಮಾಡಿಕೊಂಡ ಹಾಗಿರುವ ಆ ಹಾರ್ನನ್ನು ಯಾರು ತಾನೇ ಉಳಿಸಿಕೊಳ್ಳುತ್ತಾರೆ ಎಂದು ಮೆಲ್ವಿನ್ ದಾರಿಯುದ್ದಕ್ಕೂ ನಕ್ಕ. ಮಾರನೆಯ ದಿನವೇ ನಾನು ಆ ಬೊಟ್ಟುಗಳನ್ನು ಸೋಪು ಹಾಕಿ ತೊಳೆದೆ.

ಆಮೇಲೆ ಶುರುವಾಯಿತು ನಿಮ್ಮ ಶನಿವಾರದ ಫೋನು. ಬೆಳಿಗ್ಗೆ ಎಂಟಕ್ಕೆ, ನಾನು ದೋಸೆ ಹೆಂಚಿನ ಮುಂದೆ ನಿಂತಿರುವಾಗ. "ವಂಡಿ ಹೆಂಗದೆ ಕಣ್ಣು?" ನಾನು ಹೇಗಿದ್ದೇನೆ ಎಂದು ಎರಡನೆಯ ಪ್ರಶ್ನೆ. ಮೂರನೆಯದರಿಂದ ಪಾಠ. ಚಳಿಯಲ್ಲಿ ಚಾವಿ ತಿರುಗಿಸಿ ಕೊಂಜ ಹೊತ್ತು ಇಟ್ಟಿರು. ಸೆಕೆಂಡ್ ಗೇರ್ ಬೀಳದಿದ್ದರೆ ಬಯ್ಯಬೇಡ, ಒಂದು ಸಲ ಫಸ್ಟಿಗೆ ಹೋಗಿ ಬಾ. ನೀರಿಗೆ ಇಳಿದರೆ ಹಾಗೆ ಮಾಡು, ಹೀಗೆ ಮಾಡು. ಫೋನನ್ನು ಡಬ್ಬಿಯ ಪಕ್ಕ ಇಟ್ಟು ನಾನು ಹ್ಞೂಂ ಅನ್ನುತ್ತಾ ದೋಸೆ ಮಗುಚುತ್ತಿದ್ದೆ. ಕೊನೆಗೆ ಪ್ರತಿ ಸಲವೂ ಒಂದೇ ಮಾತು, "ಒಂದ್ಸಲ ಹಾರ್ನ್ ಹೊಡಿ ಕಣ್ಣು, ಕೇಳೋಣ." ಅಯ್ಯಾ, ಜೀಪು ಕೆಳಗಿದೆ, ನಾನು ನಾಲ್ಕನೇ ಮಹಡಿಯಲ್ಲಿದ್ದೇನೆ ಎಂದು ನಾನು. "ಶರಿ ಶರಿ, ಇನ್ನೊಂದ್ ದಿವಸ" ಎಂದು ನೀವು. ಮಾರಿದ ಮೇಲೂ ಬಿಡದ ಈ ಮನುಷ್ಯನಿಗೆ ಬೇರೆ ಕೆಲಸವಿಲ್ಲವೇ ಎಂದು ನಾನು ಮೆಲ್ವಿನ್ ಮುಂದೆ ಎಷ್ಟು ಸಲ ಗೊಣಗಿದ್ದೇನೋ ಲೆಕ್ಕವಿಲ್ಲ.

ಜೀಪೂ ನಿಮ್ಮನ್ನು ಬಿಟ್ಟಿರಲಿಲ್ಲ. ಒಮ್ಮೆ ಕಾರ್ಖಾನೆಯ ಕೆಲಸಕ್ಕೆ ಪೊಳ್ಳಾಚಿಗೆ ಹೋಗಿ ಅಲ್ಲಿಂದ ನೆಗಮಂ ಕಡೆಯ ಒಂದು ತೋಟಕ್ಕೆ ಹೊರಟಿದ್ದೆ. ಬಸ್ ಸ್ಟಾಪ್ ಬಂದಲ್ಲೆಲ್ಲ ಜನ ಜೀಪನ್ನು ಗುರುತಿಸಿ ಕೈ ತೋರಿಸಿದರು. ಒಬ್ಬ ಹೆಂಗಸು ಕೇಳದೆಯೇ ತೆಂಗಿನ ಗರಿಯ ಹೊರೆಯನ್ನು ಹಿಂದೆ ಎಸೆದು ಹತ್ತಿ ಕೂತು, ಆಮೇಲೆ ನನ್ನ ಮುಖ ನೋಡಿ, "ಅಯ್ಯಾಸಾಮಿ ಪೊಣ್ಣಾ?" ಎಂದಳು. ನಿಮ್ಮ ಮಗಳೇ ಎಂದು. ಅಲ್ಲ ಎಂದು ವಿವರಿಸುವಷ್ಟು ತಮಿಳು ನನಗಿರಲಿಲ್ಲ, ಹೌದೆಂದು ತಲೆಯಾಡಿಸಿದೆ. ಇಳಿಯುವಾಗ ನಾಲ್ಕು ಎಳನೀರು ಇಟ್ಟು ಹೋದಳು. ಇದನ್ನು ನಿಮಗೆ ಹೇಳಿರಲಿಲ್ಲ. ಹೇಳಿದ್ದರೆ ಶನಿವಾರದ ಫೋನು ಇನ್ನೂ ಉದ್ದವಾಗುತ್ತಿತ್ತು.

ಈಗ ಆಗಸ್ಟಿನ ಆ ಶನಿವಾರಕ್ಕೆ ಬರುತ್ತೇನೆ. ಕಾರ್ಖಾನೆಗೆ ಹೊರಗಿನಿಂದ ತಪಾಸಣೆಯವರು ಬರುವ ದಿನ. ಬೆಳಗಿನ ಜಾವ ಮಳೆ ಸುರಿದು ರೈಲ್ವೆ ಅಂಡರ್‌ಪಾಸಿನಲ್ಲಿ ಮೊಳಕಾಲುದ್ದ ನೀರು. ಸಣ್ಣ ಕಾರುಗಳೆಲ್ಲ ಹಿಂದಿರುಗುತ್ತಿದ್ದವು. ಇಷ್ಟು ತಿಂಗಳಲ್ಲಿ ಒಂದೇ ಒಂದು ದಿನ ಈ ಗಾಡಿ ಇದ್ದದ್ದಕ್ಕೆ ಸಾರ್ಥಕ ಎಂದುಕೊಂಡು, ಕಾಯುತ್ತಿದ್ದವರ ಮುಂದೆ ಠೀವಿಯಿಂದ ಇಳಿಸಿದೆ. ನಟ್ಟ ನಡುವೆ ಅದು ನಿಂತಿತು. ನೀರು ಒಳಗೆ ಬಂತು, ನನ್ನ ಒಂದು ಚಪ್ಪಲಿ ತೇಲಿ ಹೋಯಿತು. ದಡದಲ್ಲಿ ಕಾಯುತ್ತಿದ್ದವರು ಮೊಬೈಲಿನಲ್ಲಿ ಚಿತ್ರ ತೆಗೆಯತೊಡಗಿದರು. ಆಗ ಸರಿಯಾಗಿ ಎಂಟು ಗಂಟೆ.

"ವಂಡಿ ಹೆಂಗದೆ ಕಣ್ಣು? ಇವತ್ತು ಒಂದು ವಿಷಯ ಕೇಳ್ಬೇಕಿತ್ತು" ಎಂದಿರಿ ನೀವು. ನಾನು ಏನು ಹೇಳಿದೆ ಎಂಬುದು ನನಗೆ ಅಕ್ಷರ ಅಕ್ಷರ ನೆನಪಿದೆ. ಕೆಟ್ಟ ಗಾಡಿಯನ್ನು ಕನ್ನಡದ ಹುಡುಗಿ ಎಂದು ನಯವಾಗಿ ಮಾತಾಡಿ ನನ್ನ ತಲೆಗೆ ಕಟ್ಟಿದಿರಿ, ಮೋಸ ಮಾಡಿದಿರಿ, ಇನ್ನು ಫೋನ್ ಮಾಡಬೇಡಿ ಎಂದೆ. ನೀವು "ಶರಿ ಕಣ್ಣು" ಎಂದಿರಿ. ಅಷ್ಟೇ.

ಮುಂದಿನ ಶನಿವಾರ ಫೋನು ಬರಲಿಲ್ಲ. ನೆಮ್ಮದಿಯಾಗಿ ದೋಸೆ ತಿಂದೆ. ಅದರ ಮುಂದಿನ ಶನಿವಾರವೂ ಬರಲಿಲ್ಲ, ಎಂಟಾಗುತ್ತಲೇ ಫೋನಿನ ಕಡೆ ಕಣ್ಣು ಹೋಯಿತು, ಅದಕ್ಕೂ ನಿಮ್ಮ ಮೇಲೆಯೇ ಸಿಟ್ಟು ಬಂತು. ಬೇಡ ಎಂದರೆ ಬಿಟ್ಟೇಬಿಡುವುದೇ? ಆ ಸಿಟ್ಟಿನಲ್ಲೇ ಜೀಪನ್ನು ಮಾರುವುದೆಂದು ತೀರ್ಮಾನಿಸಿ ಮೆಕ್ಯಾನಿಕ್ ಸರವಣಕುಮಾರ್‌ಗೆ ಹೇಳಿದೆ. ಅವನು ವಾರದಲ್ಲೇ ಒಬ್ಬರನ್ನು ಹುಡುಕಿದ. ರೆಸಾರ್ಟಿನ ಬಾಗಿಲಲ್ಲಿ ಅಲಂಕಾರಕ್ಕೆ ನಿಲ್ಲಿಸುತ್ತಾರಂತೆ, ಇಂಜಿನ್ ಬೇಡವಂತೆ, ಹೂವಿನ ಕುಂಡ ಇಡುತ್ತಾರಂತೆ. ಮಾತಿನ ನಡುವೆ ಸರವಣಕುಮಾರ್ ಅಂಡರ್‌ಪಾಸಿನ ಕಥೆ ಕೇಳಿ, ನೀರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದಿರಾ ಎಂದು ಕೇಳಿದ. ತೆಗೆದಿದ್ದೆ, ಹೆದರಿಕೆಯಾಗಿತ್ತು. "ತೆಗೆಯಬಾರದು ಮೇಡಂ. ಫಸ್ಟ್ ಗೇರ್ ಹಾಕಿ ಒಂದೇ ಸಮ ಹೋಗಬೇಕು. ಗಾಡಿಗೆ ಏನೂ ಆಗಿಲ್ಲ" ಎಂದ. ನೀರಿಗೆ ಇಳಿದರೆ ಹಾಗೆ ಮಾಡು, ಹೀಗೆ ಮಾಡು. ದೋಸೆ ಮಗುಚುವಾಗ ನೀವು ಹೇಳಿದ್ದು ಅದೇ ಇರಬೇಕು.

ಮಾರಲು ಹಳೆಯ ಕಾಗದವೊಂದು ಬೇಕಾಗಿತ್ತು, ಅದಕ್ಕೆಂದು ಮೊನ್ನೆ ನಿಮ್ಮ ಮನೆಗೆ ಫೋನ್ ಮಾಡಿದೆ. ಎತ್ತಿದ್ದು ನಿಮ್ಮ ಹೆಂಡತಿ ರಾಜಾಮಣಿಯಮ್ಮ. ಅವರು ಬೈಯಲಿಲ್ಲ, ಅದೇ ಕಷ್ಟವಾಯಿತು. ನೀವು ಯಾಕೆ ಮಾರಿದಿರಿ ಎಂದು ಅವರು ಹೇಳಿದ ಮೇಲೆಯೇ ನನಗೆ ಗೊತ್ತಾದದ್ದು. "ಅವ್ರಿಗೆ ಕಣ್ ಪೋಯ್ತಾ ಅದೆಯಮ್ಮ. ಒಂದು ಪೂರಾ ಹೋಯ್ತು, ಇನ್ನೊಂದ್ರಲ್ಲಿ ನೆಳಲು ನೆಳಲಾಗಿ ಕಾಣ್ತದೆ. ಹೋದ್ ವರ್ಷ ವಂಡಿಯ ದೇವ್ರ ಕೋಯಿಲ್ ಗೋಡೆಗೆ ಹೊಡ್ದ್ರು. ಅವ್ರೇ ಮಾರ್ತೀನಿ ಅಂದ್ರು." ಅಂಡರ್‌ಪಾಸಿನಲ್ಲಿ ನಾನು ಮೋಸ ಎಂದಾಗ ಇದನ್ನು ಹೇಳಿದ್ದರೆ ನನ್ನ ಬಾಯಿ ಅಲ್ಲೇ ಮುಚ್ಚುತ್ತಿತ್ತು. ನೀವು ಶರಿ ಕಣ್ಣು ಎಂದಿರಿ. ಇದಕ್ಕೆ ನಾನು ನಿಮ್ಮನ್ನು ಕ್ಷಮಿಸುವುದು ಹೇಗೆ ಎಂದು ಇನ್ನೂ ಗೊತ್ತಾಗಿಲ್ಲ.

ನೀವು ಕೇಳಬೇಕೆಂದಿದ್ದ ವಿಷಯವನ್ನೂ ಅವರು ಹೇಳಿದರು. ಹದಿನಾರು ವರ್ಷ ಸೀರೆಯ ಮೂಟೆಗಳನ್ನು ಪೊಳ್ಳಾಚಿಗೆ ಹೊತ್ತದ್ದು ಆ ಜೀಪಂತೆ. ಆಯುಧಪೂಜೆಯ ದಿನ ಮಗ್ಗಗಳಿಗೆ ಪೂಜೆ ಮಾಡಿ, ಲಾಳಿಯ ಜೊತೆ ಅದರ ಚಾವಿಯನ್ನೂ ತಟ್ಟೆಯಲ್ಲಿ ಇಟ್ಟು, ಆಮೇಲೆ ಹೊರಗೆ ಬಂದು ಬೊಟ್ಟಿಡುತ್ತಿದ್ದಿರಂತೆ. ಈ ವರ್ಷ ಅರ್ಧ ಗಂಟೆ ಅದನ್ನು ತಂದು ಬಾಗಿಲ ಮುಂದೆ ನಿಲ್ಲಿಸುತ್ತೀಯಾ ಎಂದು ಕೇಳುವುದಿತ್ತಂತೆ. ನನ್ನ ಮಾತಿನ ಮೇಲೆ, ವಂಡಿ ಅವಳದು, ಯಾರೂ ಕೇಳಕೂಡದು ಎಂದು ಮನೆಯವರಿಗೆಲ್ಲ ಹೇಳಿದ್ದೀರಂತೆ. ರಾಜಾಮಣಿಯಮ್ಮ ನಿಮ್ಮ ಮಾತು ಮೀರಿದ್ದಾರೆ. ಅವರನ್ನು ಬೈಯಬೇಡಿ.

ನಾನು ತಪ್ಪು ಮಾಡಿದೆ ಅಯ್ಯಾ. ನಿಮ್ಮನ್ನು ಮೋಸಗಾರ ಎಂದೆ. ಅದನ್ನು ವಾಪಸು ತೆಗೆದುಕೊಳ್ಳಲು ಬರುವುದಿಲ್ಲ, ಕ್ಷಮಿಸಿ ಎಂದು ಕೇಳುವುದಷ್ಟೇ ನನ್ನಿಂದಾಗುವುದು. ರೆಸಾರ್ಟಿನವರಿಗೆ ಆಗುವುದಿಲ್ಲ ಎಂದು ಹೇಳಿದ್ದೇನೆ. ನೀವು ಖುಷಿಪಡಬೇಕಾಗಿಲ್ಲ, ಹುಡ್ಡು ಇನ್ನೂ ಸೋರುತ್ತಿದೆ, ಎಡಗಾಲು ಇನ್ನೂ ನೋಯುತ್ತಿದೆ, ರಟ್ಟು ಇನ್ನೂ ಹಾಸುತ್ತಿದ್ದೇನೆ.

ಆಯುಧಪೂಜೆಯ ದಿನ ಬೆಳಿಗ್ಗೆ ಹತ್ತಕ್ಕೆ ಜೀಪು ನಿಮ್ಮ ಮನೆಯ ಮುಂದೆ ಇರುತ್ತದೆ. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ, ಬೇವಿನ ಮರದಡಿ ಕೂತು ನಾನೇ ಓದಿ ಹೇಳುತ್ತೇನೆ. ಬೈದ ಭಾಗಗಳನ್ನು ಹಾರಿಸುವುದಿಲ್ಲ. ಆಮೇಲೆ ಚಾವಿ ನಿಮ್ಮ ಕೈಗೆ ಕೊಡುತ್ತೇನೆ, ಲಾಳಿಯ ಪಕ್ಕ ಇಡಿ. ಬೊಟ್ಟನ್ನು ನೀವೇ ಇಡಿ, ಸ್ಟೇರಿಂಗ್ ಎಲ್ಲಿದೆ ಎಂದು ನಿಮ್ಮ ಕೈಗೆ ಗೊತ್ತಿದೆ. ಈ ಸಲ ನಾನು ತೊಳೆಯುವುದಿಲ್ಲ. ಪೂಜೆಯಾದ ಮೇಲೆ ಚಾವಿ ನನಗೆ ವಾಪಸು ಬರಬೇಕು, ಒಂದು ಸುತ್ತು ಓಡಿಸುತ್ತೇನೆ ಎಂದು ಕೇಳಲೇಬೇಡಿ. ಪಕ್ಕದ ಸೀಟಿನಲ್ಲಿ ಕೂತು ನನ್ನ ಗೇರನ್ನು ಬೈಯಬಹುದು. ಅಮ್ಮನ ಸೀರೆಯನ್ನೂ ಎತ್ತಿಡಲು ರಾಜಾಮಣಿಯಮ್ಮನಿಗೆ ಹೇಳುತ್ತೇನೆ.

ಉಳಿದಿರುವ ಆ ಒಂದು ಕಣ್ಣಿನ ಬೆಳಕು ನಿಮಗೆ ಬಹುಕಾಲ ಇರಲಿ, ನಿಮ್ಮ ಮಗ್ಗ ನಿಲ್ಲದಿರಲಿ. ಅವತ್ತು ನಿಮ್ಮ ಬೀದಿಯ ತಿರುವಿನಲ್ಲಿ ಎರಡು ಸಲ ಹಾರ್ನ್ ಹೊಡೆಯುತ್ತೇನೆ. ಬಂದದ್ದು ಯಾರು ಎಂದು ಯಾರನ್ನೂ ಕೇಳದೆ ನೀವು ಬಾಗಿಲಿಗೆ ಬರುತ್ತೀರಿ.

ನಿಮ್ಮ ಜೀಪಿನ ಈಗಿನ ಒಡತಿ,
ಧನಶ್ರೀ